ಇಪ್ಪತ್ತೆರಡು ಇಂಚು

ಅಲ್ಲಿಗೆ ನಿಲ್ಲುತ್ತದೆ.
ಮೌಸು ಹಿಡಿದು ಎಷ್ಟೇ ಜಗ್ಗಿದರೂ
ವರದಿಯ ಬಲದಂಚು ಇಪ್ಪತ್ತೆರಡು ಇಂಚಿಗೆ ಕಾಲೂರಿಬಿಡುತ್ತದೆ,
ಸಂತೆಯಿಂದ ಹೊಸದಾಗಿ ತಂದ ಎಮ್ಮೆ
ಹೊಸಿಲ ಮುಂದೆ ನಿಂತ ಹಾಗೆ.

ನನ್ನ ಹತ್ತಿರ ಇರುವವು ನಲವತ್ತೊಂದು ಕಾಲಂ:
ಸದಸ್ಯರ ನಂಬರು, ಹೆಸರು, ಓಣಿ, ಕುಣಿಮಗ್ಗವೋ ಮತ್ತೊಂದೋ,
ಕೊಟ್ಟ ನೂಲು, ಕೊಟ್ಟ ರೇಷ್ಮೆ, ಬಣ್ಣದ ಖರ್ಚು,
ತಿರುಗಿ ಬಂದ ಸೀರೆ, ಅದರಲ್ಲಿ ಕಲೆ ಬಿದ್ದವೆಷ್ಟು,
ಕೂಲಿ, ಮುಂಗಡ, ಮುರಿದುಕೊಂಡದ್ದು, ಇತರೆ,
ತುದಿಗೆ ಷರಾ.
ಬಾಗಲಕೋಟೆಯಿಂದ ಬರಲಿರುವ ಆಡಿಟರ್ ಹುಲ್ಯಾಳ ಸಾಹೇಬರು
ಫೋನಿನಲ್ಲಿ ಹೇಳಿದ್ದು ಒಂದೇ ಮಾತು:
"ಒಂದ ಸಾಲಿನ್ಯಾಗ ಒಬ್ಬ ಮನಷ್ಯಾ ಪೂರ್ತಿ ಕಾಣಬೇಕ ನೋಡವಾ."

ಹಾಳೆ ಅಡ್ಡ ಮಲಗಿಸಿದೆ.
ಅಕ್ಷರ ಹತ್ತರಿಂದ ಎಂಟು, ಎಂಟರಿಂದ ಆರು.
ಒತ್ತಕ್ಷರಗಳೆಲ್ಲ ಕೆಳಗಿನ ಸಾಲಿನ ಕೊಂಬಿಗೆ ತಾಗಿ
ಸಕ್ಕರೆ ಕಂಡ ಇರುವೆ.
ತಲೆಬರಹಗಳನ್ನು ಗೋಡೆಗೆ ಒರಗಿದ ಏಣಿಯಂತೆ ನಿಲ್ಲಿಸಿದೆ;
ಕಾರ್ಯದರ್ಶಿ ಕುತ್ತಿಗೆ ಓರೆ ಮಾಡಿ ಓದಿ
ಉಳುಕಿತು ಎಂದ.
"ಇತರೆ" ಎಂಬುದನ್ನು "ಇ." ಮಾಡಿ ಅರ್ಧ ಇಂಚು ಉಳಿಸಿದೆ.
ಆದರೂ ಎಲ್ಲೋ ಕೂದಲೆಳೆಯಷ್ಟು ಹೆಚ್ಚಾಗಿ
ಪ್ರತಿ ಹಾಳೆಯ ಬೆನ್ನಿಗೊಂದು ಖಾಲಿ ಹಾಳೆ ಬಂತು.
ಅದರ ಎಡತುದಿಗೆ ಒಂದೇ ಒಂದು ಗೆರೆ,
ಷರಾ ಕಾಲಮ್ಮಿನ ಬಲಗೋಡೆ.
ಮನೆ ಅಲ್ಲಿ, ಗೋಡೆ ಇಲ್ಲಿ.

ಇಳಕಲ್ಲಿನ ಮಾರ್ಚಿ ಬಿಸಿಲು. ಕರೆಂಟು ಹೋಯಿತು.
ಬುತ್ತಿ ಬಿಚ್ಚಿಕೊಂಡು ಒಳಕೋಣೆಗೆ ಹೋದರೆ
ಖಾಜಾಬಿ ಅತ್ತಿ ಕೊಂಡಿ ಹಾಕುತ್ತ ಕೂತಿದ್ದಳು.
ಮೈಯ ಹಾಸು ಕಪ್ಪು ಹತ್ತಿ, ಸೆರಗಿನ ಹಾಸು ಕೆಂಪು ರೇಷ್ಮೆ;
ಎರಡೂ ಬೇರೆ ಬೇರೆ ಹುಟ್ಟಿದವು.
ಕಪ್ಪಿನ ಕುಣಿಕೆಯೊಳಗೆ ಕೆಂಪಿನ ಕುಣಿಕೆ ತೂರಿಸಿ
ಬೆರಳಿಗೆ ಉಗುಳು ಹಚ್ಚಿ ಮುಂದಿನದು, ಅದರ ಮುಂದಿನದು.
"ಎಳಿಗೆ ಎಳಿ ಕೂಡಬೇಕವಾ.
ಒಂದ ಎಳಿ ಜರದ್ರ ಅಲ್ಲಿಂದ ಮುಂದಿಂದೆಲ್ಲಾ
ಮಗ್ಗಲಮನಿ ಪಾಲು."

ರೊಟ್ಟಿ ಕೈಯಲ್ಲೇ ಎದ್ದು ಬಂದೆ.
ಕರೆಂಟು ಬರುವತನಕ ಹಳೆ ಲಕೋಟೆಯ ಬೆನ್ನ ಮೇಲೆ ಗೀಚಿದೆ.
ವರದಿಯನ್ನು ನಡುವಿಗೆ ಹರಿದು ಎರಡು ಹಾಸು,
ಎರಡರಲ್ಲೂ ಸದಸ್ಯರ ನಂಬರು,
ಎಡಹಾಳೆಯ ಕೊನೆಗೆ ಒಮ್ಮೆ, ಬಲಹಾಳೆಯ ಮೊದಲಿಗೆ ಒಮ್ಮೆ,
ಕುಣಿಕೆಯೊಳಗೆ ಕುಣಿಕೆ.

ಪ್ರಿಂಟು ತೆಗೆದೆ. ಅರವತ್ತಮೂರನೆ ಸಾಲಿನತನಕ ಚೆನ್ನ.
ಅರವತ್ತಮೂರು: ವೀರಭದ್ರಪ್ಪ ಸಂಗಬಸಪ್ಪ ಕುರುಹಿನಶೆಟ್ಟರ.
ಹೆಸರು ಒಂದು ಸಾಲಿಗೆ ಹಿಡಿಸದೆ ಎರಡಕ್ಕಿಳಿಯಿತು,
ಎಡಹಾಳೆ ಜಾರಿತು, ಬಲಹಾಳೆ ಜಾರಲಿಲ್ಲ.
ಅಲ್ಲಿಂದ ಕೆಳಗೆ ಒಬ್ಬರ ಕೂಲಿ ಇನ್ನೊಬ್ಬರಿಗೆ,
ತೀರಿಹೋದ ದೊಡ್ಡಯ್ಯನಿಗೆ ಯುಗಾದಿಯ ಮುಂಗಡ.
ಎಳಿ ಜರಿದಿತ್ತು.

ಸಾಲು ಹಿಗ್ಗುವುದನ್ನೇ ತೆಗೆದುಹಾಕಿದೆ.
ಅಡ್ಡಹೆಸರು ಉಳಿಸಿ ಉಳಿದದ್ದು ಕತ್ತರಿಸಿದೆ.
ಸಂಜೆ ಅವರೇ ಬಂದರು, ಕನ್ನಡಕ ಏರಿಸಿ ಓದಿದರು.
"ವೀ. ಸಂ. ಅಂದ್ರ ಯಾರವಾ?"
"ನೀವ, ಕಾಕಾ."
"ಸಣ್ಣಾಗೇನಿ," ಎಂದು ನಕ್ಕು ಹೋದರು.

ಮರುದಿನ ಹುಲ್ಯಾಳ ಸಾಹೇಬರು
ಎರಡು ಹಾಳೆ ಮೇಜಿನ ಮೇಲೆ ಕೂಡಿಸಿ ಇಟ್ಟು,
ಹಾರದಂತೆ ಚಹಾದ ಬಟ್ಟಲು ಹೇರಿ,
ಎಡದಿಂದ ಬೆರಳಾಡಿಸುತ್ತ ಹೊರಟರು.
ಜೋಡಿನ ಹತ್ತಿರ ಬೆರಳು ಒಂದಿಷ್ಟು ತಡೆಯಿತು,
ದಾಟಿತು.
ಮೂವತ್ತೇಳನೆ ಕಾಲಮ್ಮಿಗೆ ನಿಂತಿತು.
"ಇದೇನವಾ, ಇ?"

ಒಳಕೋಣೆಯ ಕಡೆ ನೋಡಿದೆ.
ಬಾಗಿಲು ಅರ್ಧ ತೆರೆದಿತ್ತು.
ಅತ್ತಿ ಎಣಿಸುತ್ತಿದ್ದಳು,
ಎಣಿಸುವಾಗ ಕರೆದರೆ ಬೈಯುತ್ತಾಳೆ.